'ಒಂದು ವೈರೂ ಕಟ್ ಮಾಡಲ್ಲ ಸಾರ್' ಅಂದರೆ ನಂಬಬೇಡಿ

ಕಾರಿಗೆ ಹೊರಗಿನ ಅಂಗಡಿಯಲ್ಲಿ ಸ್ಟೀರಿಯೋ, ಫಾಗ್ ಲ್ಯಾಂಪ್, ಕ್ಯಾಮೆರಾ ಏನೇ ಹಾಕಿಸುವವರಿದ್ದರೂ ಮೊದಲು ಇದನ್ನು ಓದಿ. ನನ್ನ ಕಾರಿನ ಡ್ಯಾಶ್‌ಬೋರ್ಡ್ ಇನ್ನೂ ಬಿಚ್ಚಿಕೊಂಡೇ ಕೂತಿದೆ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ಹಾಕಿಸಿದ್ದು ಎರಡೇ. ಒಂದು ಟಚ್‌ಸ್ಕ್ರೀನ್ ಸ್ಟೀರಿಯೋ, ಇನ್ನೊಂದು ಫಾಗ್ ಲ್ಯಾಂಪ್ ಜೋಡಿ. ದುಡ್ಡಿನ ಮಾತಿಗೂ ಮುಂಚೆ ಅಂಗಡಿಯವರನ್ನು ಕೇಳಿದ್ದೆ, "ಕಂಪನಿ ವೈರಿಂಗ್ ಮುಟ್ಟುತ್ತೀರಾ?" ಅಂತ. "ಛೇ ಛೇ, ಒಂದು ವೈರೂ ಕಟ್ ಮಾಡಲ್ಲ ಸಾರ್. ಕಪ್ಲರ್ ಟು ಕಪ್ಲರ್. ನಾಳೆ ಬೇಡ ಅನ್ಸಿದ್ರೆ ಬಿಚ್ಚಿ ಹಳೇದನ್ನೇ ಹಾಕ್ಕೊಳ್ಳಬಹುದು" ಎಂದರು. ಕಪ್ಲರ್ ಅಂದರೆ ವೈರುಗಳ ತುದಿಯಲ್ಲಿರುವ, ಒಂದಕ್ಕೊಂದು ಸಿಕ್ಕಿಸುವ ಪ್ಲಗ್. ಅಂಥ ಕಪ್ಲರ್ ವೈರ್‌ಸೆಟ್ಟಿನ ಪ್ಯಾಕೆಟ್ ತಂದು ನನ್ನ ಕೈಗೇ ಕೊಟ್ಟು ತೋರಿಸಿದರು. ಅದರ ಮೇಲೆ ನನ್ನ ಕಾರಿನ ಮಾಡೆಲ್ ಹೆಸರೇ ಇತ್ತು. ಬಿಲ್ಲಿನಲ್ಲಿ ಅದಕ್ಕೆ ಬೇರೆ ದುಡ್ಡು. ಕೊಟ್ಟೆ. ವೈರಿಂಗಿಗೆ ಏನೂ ಆಗಬಾರದು ಅಂತಲೇ ತಾನೇ ಕೊಡುವುದು?

ಕೆಲಸ ನಡೆಯುವ ಜಾಗಕ್ಕೆ ಬಿಡಲಿಲ್ಲ. "ಇಲ್ಲೇ ಕೂತ್ಕೊಳ್ಳಿ ಸಾರ್, ಅಲ್ಲಿ ಧೂಳು" ಅಂದರು. ಗಾಡಿ ಹಿಂದಿನ ಶೆಡ್ಡಿಗೆ ಹೋಯಿತು. ವಾಪಸ್ ಬಂದಾಗ ಸ್ಕ್ರೀನ್ ಜಗಮಗ, ಮುಂದೆ ಲೈಟ್ ಜಗಮಗ. ಖುಷಿಯಾಗಿ ಮನೆಗೆ ತಂದೆ.

ಆಮೇಲೆ ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಬ್ಯಾಟರಿ ಸತ್ತಿದೆ. ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದರೆ ಎರಡು ದಿನ ನಿಲ್ಲಿಸಿದ ಮೇಲೆ ಮತ್ತೆ ಅದೇ. ಅಂಗಡಿಗೆ ಫೋನ್ ಮಾಡಿದರೆ ಬಂದ ಉತ್ತರ ಕೇಳಿ: "ನಿಮ್ ಬ್ಯಾಟರಿ ವೀಕ್ ಆಗಿದೆ ಸಾರ್. ಹೊಸದು ಹಾಕ್ಸಿ. ನಮ್ಮಲ್ಲೇ ಇದೆ." ಬ್ಯಾಟರಿಯನ್ನು ಬೇರೆ ಕಡೆ ಚೆಕ್ ಮಾಡಿಸಿದೆ. ಚಾರ್ಜ್ ಮಾಡಿ ಬಿಟ್ಟರೆ ಸರಿಯಾಗಿ 12.6 ವೋಲ್ಟ್ ನಿಲ್ಲುತ್ತಿತ್ತು. ಬ್ಯಾಟರಿಗೆ ಏನೂ ಆಗಿರಲಿಲ್ಲ.

ಒಂದು ರಾತ್ರಿ ಹಿಂದಿನ ಗಾಡಿಯವರು ಒಂದೇ ಸಮನೆ ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, "ನಿಮ್ಮ ಹಿಂದಿನ ಲೈಟೇ ಇಲ್ಲ" ಎಂದರು. ನೋಡಿದರೆ ಮೀಟರ್ ಲೈಟೂ ಇಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಸ್ಟೀರಿಂಗ್ ಕೆಳಗಿಂದ. ಮನೆಯವರೆಲ್ಲ ಕಾರಲ್ಲಿದ್ದರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಟೋ ಎಲೆಕ್ಟ್ರೀಷಿಯನ್ ಒಬ್ಬರ ಹತ್ತಿರ ಹೋದೆ. ಅವರು ಮೊದಲು ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು, "ಇಲ್ಲಿ ಎಷ್ಟು ಅಂತ ಬರೆದಿದೆ ಓದಿ ಸಾರ್" ಎಂದರು. 10 ಅಂತ ಇತ್ತು. 10 ಆಂಪಿಯರ್ ಫ್ಯೂಸ್ ಕೆಂಪು ಬಣ್ಣ. ಅಲ್ಲಿ ಕೂತಿದ್ದು ಹಸಿರು. ಹಸಿರು ಅಂದರೆ 30! ಫ್ಯೂಸ್ ಇರುವುದು ವೈರ್ ಕಾಪಾಡಲು. 10ರ ಜಾಗಕ್ಕೆ 30 ಹಾಕಿದರೆ ಫ್ಯೂಸ್ ಆರಾಮಾಗಿ ಇರುತ್ತದೆ, ವೈರೇ ಫ್ಯೂಸ್ ಆಗುತ್ತದೆ. ನನಗೆ ಆಗಿದ್ದು ಅದೇ.

ಯಾಕೆ 30 ಹಾಕಿದರು ಅಂದರೆ, ಫಾಗ್ ಲ್ಯಾಂಪಿಗೆ ಕರೆಂಟ್ ತೆಗೆದಿದ್ದು ಪಾರ್ಕಿಂಗ್ ಲೈಟಿನ ವೈರಿನಿಂದ. 55 ವ್ಯಾಟಿನ ಎರಡು ಬಲ್ಬ್, ಒಟ್ಟು 110 ವ್ಯಾಟ್. 12 ವೋಲ್ಟಿಗೆ ಲೆಕ್ಕ ಹಾಕಿದರೆ 9 ಆಂಪಿಯರ್‌ಗಿಂತ ಜಾಸ್ತಿ. ಅದೇ ವೈರಿನ ಮೇಲೆ ಮೊದಲೇ ಹಿಂದಿನ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರ್ ಲೈಟು ಇವೆ. 10ರ ಫ್ಯೂಸ್ ಅಲ್ಲೇ ಹಾರಿರಬೇಕು. ಯಾಕೆ ಹಾರಿತು ಅಂತ ಯೋಚನೆ ಮಾಡುವ ಬದಲು ದೊಡ್ಡ ಫ್ಯೂಸ್ ತುರುಕಿ ಕೈತೊಳೆದುಕೊಂಡಿದ್ದಾರೆ. ಸರಿಯಾದ ಕ್ರಮ ಏನು ಅಂತ ಆ ಅಂಗಡಿಯವರಿಗೆ ಗೊತ್ತಿಲ್ಲದೆ ಇರುತ್ತದಾ? ಬ್ಯಾಟರಿಯಿಂದ ನೇರ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಅದಕ್ಕೊಂದು ಬೇರೆ ಫ್ಯೂಸ್, ಮಧ್ಯೆ ಒಂದು ರಿಲೇ. ಸ್ವಿಚ್ಚು ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ, ಲೈಟಿನ ಕರೆಂಟ್ ಸ್ವಿಚ್ಚಿನಲ್ಲಿ ಹರಿಯುವುದಿಲ್ಲ. ಒಂದು ರಿಲೇ ಉಳಿಸಲು ಹೋಗಿ ನನ್ನ ವೈರಿಂಗ್ ಸುಟ್ಟರು.

ಆಮೇಲೆ ಸ್ಟೀರಿಯೋ ಹೊರಗೆ ಎಳೆದರು. ಇದನ್ನು ಹೇಳಲೇಬೇಕು. ನಾನು ಕಪ್ಲರ್ ವೈರ್‌ಸೆಟ್ ಹುಡುಕುತ್ತಾ ಇದ್ದೆ. ಇಲ್ಲ. ಇಲ್ಲವೇ ಇಲ್ಲ! ಕಂಪನಿಯ ಎರಡು ಕಪ್ಲರ್‌ಗಳ ಕತ್ತಿನ ಹತ್ತಿರವೇ ಕಟರ್ ಹಾಕಿ, ಒಂದೊಂದು ವೈರನ್ನೂ ಕೈಯಲ್ಲಿ ತಿರುಚಿ, ಮೇಲೆ ಟೇಪ್ ಸುತ್ತಿದ್ದಾರೆ. ಸೋಲ್ಡರ್ (ಬೆಸುಗೆ) ಇಲ್ಲ, ಜಾಯಿಂಟ್ ಮುಚ್ಚುವ ಸ್ಲೀವ್ ಇಲ್ಲ. ಬಿಸಿಗೆ ಟೇಪಿನ ಗಮ್ ಕರಗಿ ಅಂಟಂಟಾಗಿ ಸುತ್ತು ಬಿಚ್ಚಿಕೊಂಡಿತ್ತು. ಕತ್ತರಿಸಿದ ಕಪ್ಲರ್‌ಗಳು ಡ್ಯಾಶ್‌ಬೋರ್ಡ್ ಒಳಗೇ ಬಿದ್ದಿದ್ದವು. ಎಲೆಕ್ಟ್ರೀಷಿಯನ್ ಅವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ ಹಿಡಿದು ತಲೆ ಆಡಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಬ್ಯಾಟರಿ ಸಾಯುತ್ತಿದ್ದ ಕಾರಣವೂ ಅಲ್ಲೇ ಸಿಕ್ಕಿತು. ಸ್ಟೀರಿಯೋದ ಹಳದಿ ವೈರಿಗೆ ಯಾವಾಗಲೂ ಕರೆಂಟ್ ಬೇಕು, ಗಡಿಯಾರ, ಸೆಟ್ಟಿಂಗ್ ನೆನಪಿಟ್ಟುಕೊಳ್ಳಲು. ಕೆಂಪು ವೈರಿಗೆ ಕೀ ಆನ್ ಆದಾಗ ಮಾತ್ರ. ಇವರು ಎರಡನ್ನೂ ಸೇರಿಸಿ ಬ್ಯಾಟರಿ ಲೈನಿಗೆ ಕೊಟ್ಟಿದ್ದರು. ಹಾಗಾಗಿ ಸ್ಟೀರಿಯೋ ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗೇ ಎಳೆಯಬೇಕು. ನನ್ನದು ಅದರ ಎಷ್ಟೋ ಪಟ್ಟು ಎಳೆಯುತ್ತಿತ್ತು. ಇದಕ್ಕೆ ಹೊಸ ಬ್ಯಾಟರಿ ಮಾರಲು ಬಂದಿದ್ದರು, ನೋಡಿ!

ಫೋಟೋ ಕಳಿಸಿದೆ. ಮೊದಲ ಉತ್ತರ: "ಇದು ನಮ್ ಕೆಲ್ಸ ಅಲ್ಲ ಸಾರ್." ಬಿಲ್ ಕಳಿಸಿದೆ. "ಹುಡುಗ ಹೊಸಬ, ಗೊತ್ತಾಗಿಲ್ಲ." ಹಾಗಾದರೆ ಸರಿ ಮಾಡಿಕೊಡಿ ಎಂದೆ. "ಎಲ್ಲಾ ಗಾಡಿಗೂ ಹೀಗೇ ಮಾಡೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಹುಡುಗನಿಗೆ ಗೊತ್ತಾಗಿಲ್ಲವೋ, ಎಲ್ಲರಿಗೂ ಹೀಗೇ ಮಾಡುತ್ತೀರೋ? ಯಾವುದೋ ಒಂದು ಹೇಳಿ ಎಂದರೆ, "ನೀವು ಬೇರೆಯವರ ಹತ್ರ ಬಿಚ್ಚಿಸಿದ್ದೀರಲ್ಲ, ವಾರಂಟಿ ಹೋಯ್ತು." ಸುಟ್ಟ ವಾಸನೆ ಬರುವ ಗಾಡಿಯನ್ನು ಬಿಚ್ಚಿಸದೆ ಓಡಿಸಬೇಕಿತ್ತಂತೆ! ಕಂಪನಿ ಸರ್ವಿಸ್ ಸೆಂಟರಿನವರೂ ಕತ್ತರಿಸಿದ ವೈರ್ ನೋಡಿದ ಕೂಡಲೇ, ಇದು ನಮ್ಮ ವಾರಂಟಿಗೆ ಬರಲ್ಲ ಎಂದರು. ಅವರದ್ದು ತಪ್ಪು ಅನ್ನಲು ಬರುವುದಿಲ್ಲ.

ನೀವು ಮಾಡಿಸುವುದಾದರೆ ಕೆಲಸದ ಹತ್ತಿರವೇ ನಿಲ್ಲಿ. ಧೂಳಿದ್ದರೆ ಇರಲಿ. ನಿಲ್ಲಲು ಬಿಡದಿದ್ದರೆ ಗಾಡಿ ಹತ್ತಿ ಬನ್ನಿ. ಪ್ಯಾಕೆಟ್ ನಿಮ್ಮ ಎದುರು ಒಡೆದು ಕಪ್ಲರ್ ಕೂರಿಸಬೇಕು. ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಿ. ಫ್ಯೂಸ್ ಬಾಕ್ಸಿನ ಫೋಟೋ ಮೊದಲೊಂದು, ಮುಗಿದ ಮೇಲೊಂದು. ಬಣ್ಣ ಬದಲಾಗಿದ್ದರೆ ಅಲ್ಲೇ ಕೇಳಿ. ಜಾಯಿಂಟ್ ಮಾಡಲೇಬೇಕಾಗಿ ಬಂದರೆ ಕ್ರಿಂಪ್ (ಲೋಹದ ತುಂಡಿನೊಳಗಿಟ್ಟು ಒತ್ತಿ ಕೂಡಿಸುವುದು) ಅಥವಾ ಸೋಲ್ಡರ್, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಸ್ಲೀವ್. ಬರೀ ಟೇಪ್ ಬೇಡವೇ ಬೇಡ. ಹಳದಿ ಕಪ್ಲರ್, ಹಳದಿ ಸ್ಲೀವ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅಲ್ಲಿ ಕರೆಂಟ್ ಇದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಇಡಲೂ ಬಿಡಬೇಡಿ. ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ಒಳಗಿನ ಫೋಟೋ ತೆಗೆಯಿರಿ. ಮುಚ್ಚಿದ ಮೇಲೆ ಅವರು ಹೇಳಿದ್ದೇ ಸತ್ಯ, ಅಲ್ವಾ.

ನಿನ್ನೆ ಕೊನೆಯ ಸಲ ಫೋನ್ ಮಾಡಿ, ರಿಪೇರಿ ಮಾತು ಬಿಡಿ, ದುಡ್ಡು ತಗೊಂಡು ಹಾಕದೆ ಇರುವ ಆ ವೈರ್‌ಸೆಟ್ ಎಲ್ಲಿ ಅಂತ ಕೇಳಿದೆ. "ಇಲ್ಲೇ ಇದೆ ಸಾರ್, ಬೇಕಿದ್ರೆ ಬಂದು ತಗೊಂಡ್ ಹೋಗಿ. ಫಿಟ್ಟಿಂಗ್ ಚಾರ್ಜ್ ಬೇರೆ ಆಗುತ್ತೆ" ಎಂದರು.