ಹಸಿರು ದೀಪ ನಂಬಿ ಎರಡು ಬ್ಯಾಟರಿ ಹಾಳು ಮಾಡಿಕೊಂಡೆ

ತೋಟದಲ್ಲಿ ಜನರೇಟರ್ ಇಟ್ಟುಕೊಂಡವರು, ಮಳೆಗಾಲ ಪೂರ್ತಿ ಗಾಡಿಯನ್ನು ಶೆಡ್ಡಿನಲ್ಲೇ ನಿಲ್ಲಿಸುವವರು ಇದನ್ನು ಓದಿ. ಚಾರ್ಜರ್ ಕೊಳ್ಳುವಾಗ ಸಾವಿರ ರೂಪಾಯಿ ಉಳಿಸಲು ಹೋಗಿ ನಾನು ಎರಡು ಬ್ಯಾಟರಿ ತೆತ್ತಿದ್ದೇನೆ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಲು ಒಂದು ಡೀಸೆಲ್ ಜನರೇಟರ್ ಇದೆ. ಕೊಯ್ಲು ಮುಗಿದರೆ ಅದಕ್ಕೆ ಕೆಲಸವಿಲ್ಲ. ಮತ್ತೆ ನೆನಪಾಗುವುದು ಜೂನ್‌ನಲ್ಲಿ, ಲೈನಿನ ಮೇಲೆ ಮರ ಬಿದ್ದಾಗ. ಅಲ್ಲಿಯವರೆಗೆ ಬ್ಯಾಟರಿ ಇಳಿಯಬಾರದು ಅಂತ ಪೇಟೆಯ ಒಂದು ಅಂಗಡಿಯಿಂದ ಚಾರ್ಜರ್ ತಂದೆ. ಪೆಟ್ಟಿಗೆ ಮೇಲೆ 'ಫುಲ್ ಆಟೋಮ್ಯಾಟಿಕ್' ಅಂತ ದೊಡ್ಡದಾಗಿ ಬರೆದಿತ್ತು. "ಹಾಕಿ ಮರೆತುಬಿಡಿ ಸಾರ್, ಫುಲ್ ಆದಮೇಲೆ ಅದೇ ಕಟ್ ಆಗುತ್ತೆ" ಅಂದರು. ಹಾಕಿದೆ. ಮರೆತೇಬಿಟ್ಟೆ.

ಏಪ್ರಿಲ್‌ನಲ್ಲಿ ಒಮ್ಮೆ ಜನರೇಟರ್ ರೂಮಿನ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಇಲಿ ಸತ್ತಿರಬೇಕು ಅಂತ ಮೂಲೆಮೂಲೆ ಹುಡುಕಿದೆ. ಇಲಿ ಸಿಗಲಿಲ್ಲ. ಚಾರ್ಜರಿನ ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು. ಎಲ್ಲ ಸರಿ ಇದೆ ಅಂದುಕೊಂಡು ಬಾಗಿಲು ಹಾಕಿ ಬಂದೆ. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ವಾಸನೆ ಮಿತಿಮೀರಿ ಚಾರ್ಜ್ ಆದ ಬ್ಯಾಟರಿಯದು. ಅಂಥ ಬ್ಯಾಟರಿ ಹೈಡ್ರೋಜನ್ ಅನ್ನೂ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಒಂದು ಕಿಡಿ ಸಾಕು. ಆ ವಾಸನೆ ಬಂದರೆ ಬಾಗಿಲು ಕಿಟಕಿ ತೆಗೆದಿಡಿ, ಹೊರಗಿನ ಮೇನ್ ಸ್ವಿಚ್ ಆಫ್ ಮಾಡಿ. ಗಾಳಿಯಾಡಿದ ಮೇಲೆ ಕ್ಲಿಪ್ಪಿಗೆ ಕೈ ಹಾಕಿ.

ಆರಿದ್ರೆ ಮಳೆಗೆ ಕರೆಂಟು ಹೋಯಿತು. ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಆರು ಸೆಲ್‌ಗಳಲ್ಲೂ ನೀರು ಪ್ಲೇಟಿಗಿಂತ ಕೆಳಗೆ! ಡಿಸ್ಟಿಲ್ಡ್ ವಾಟರ್ ಹುಯ್ದರೂ ಏಳಲಿಲ್ಲ. ಜೀಪಿನ ಬ್ಯಾಟರಿ ಬಿಚ್ಚಿ ತರುವಷ್ಟರಲ್ಲಿ ನಾನೂ ಮಗನೂ ತೊಯ್ದು ತೊಪ್ಪೆ. ಗ್ಯಾರಂಟಿ ಕೇಳಿದರೆ, ನೀರು ನೋಡಿಕೊಳ್ಳುವುದು ನಿಮ್ಮ ಕೆಲಸ ಅಂದರು. ಅದೂ ಸುಳ್ಳಲ್ಲ ಬಿಡಿ.

ಹೊಸ ಬ್ಯಾಟರಿ ತಂದ ಮೇಲೆ ಚಾರ್ಜರಿನ ಸಹವಾಸವೇ ಬೇಡ ಅಂತ ಸುಮ್ನೆ ಬಿಟ್ಟೆ. ಅದು ಇನ್ನೊಂದು ತಪ್ಪು. ಲೆಡ್ ಆ್ಯಸಿಡ್ ಬ್ಯಾಟರಿ ಕೂತಲ್ಲೇ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಇಳಿದದ್ದು ತಿಂಗಳುಗಟ್ಟಲೆ ಹಾಗೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ. ಮೊದಲನೆಯದನ್ನು ತಿನ್ನಿಸಿ ತಿನ್ನಿಸಿ ಕೊಂದೆ, ಎರಡನೆಯದನ್ನು ಉಪವಾಸ ಕೆಡವಿ ಕೊಂದೆ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ತರಬೇತಿ ವಿಮಾನಗಳ ಮೆಕ್ಯಾನಿಕ್. ಹಬ್ಬಕ್ಕೆ ಬಂದವನು ಕಥೆ ಕೇಳಿ ನಕ್ಕ. "ನಮ್ಮ ಸಣ್ಣ ವಿಮಾನಗಳಲ್ಲೂ ಹೆಚ್ಚಾಗಿ ಇದೇ ಜಾತಿ ಬ್ಯಾಟರಿ ಮಾವ, 12 ವೋಲ್ಟು, ಇಲ್ಲ 24. ಹಾರದೆ ನಿಂತರೆ ಅದೂ ಹೀಗೇ ಕೆಡುತ್ತೆ." ಮೇಲೆ ಹೋದಾಗ ಆಲ್ಟರ್ನೇಟರ್ ಕೈಕೊಟ್ಟರೆ ರೇಡಿಯೋ, ಮೀಟರುಗಳೆಲ್ಲ ಆ ಬ್ಯಾಟರಿಯ ಮೇಲೇ ನಡೆಯಬೇಕು. ಅದಕ್ಕೇ ಇಂಜಿನ್ ಸ್ಟಾರ್ಟ್ ಆಯಿತು ಅಂದಮಾತ್ರಕ್ಕೆ ಅವರು ನಂಬುವುದಿಲ್ಲವಂತೆ. ಬಿಚ್ಚಿ ತಂದು, ಲೋಡ್ ಹಾಕಿ, ಎಷ್ಟು ಹೊತ್ತು ತಡೆಯುತ್ತದೆ ಅಂತ ಅಳೆಯುತ್ತಾರೆ. ಕಮ್ಮಿ ಬಂದರೆ ಬದಲಾಯಿಸುತ್ತಾರೆ. ಚಾರ್ಜರ್ ವೋಲ್ಟೇಜೂ ಬ್ಯಾಟರಿ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ.

ಆ ಹಳೇ ಚಾರ್ಜರನ್ನು ಬಾಗಿಲು ತೆಗೆದಿಟ್ಟ ಶೆಡ್ಡಿನಲ್ಲಿ ಜೀಪಿನ ಬ್ಯಾಟರಿಗೆ ಹಾಕಿಸಿ, ಎರಡು ದಿನ ಬಿಟ್ಟು ಮಲ್ಟಿಮೀಟರ್ ಹಿಡಿದ. ಹಸಿರು ದೀಪ ಉರಿಯುತ್ತಿದೆ, ಮೀಟರಿನಲ್ಲಿ 15.1 ವೋಲ್ಟು! 12 ವೋಲ್ಟಿನ ಬ್ಯಾಟರಿಯನ್ನು ಸುಮಾರು 14.4ರವರೆಗೆ ಏರಿಸಿ ತುಂಬಬೇಕು, ತುಂಬಿದ ಮೇಲೆ 13.5ರ ಆಸುಪಾಸಿಗೆ ಇಳಿಸಿ ಹಿಡಿಯಬೇಕು. ಇದಕ್ಕೆ ಫ್ಲೋಟ್ ಅನ್ನುತ್ತಾರೆ. ನನ್ನದರಲ್ಲಿ ಇಳಿಯುವ ಏರ್ಪಾಡೇ ಇರಲಿಲ್ಲ. ಬದಲಾಗುತ್ತಿದ್ದದ್ದು ದೀಪದ ಬಣ್ಣ ಮಾತ್ರ.

ಹಾಗಾಗಿ ಕೊಳ್ಳುವಾಗ ಫ್ಲೋಟ್ ವೋಲ್ಟೇಜ್ ಎಷ್ಟು ಅಂತ ಕೇಳಿ. ಚಾರ್ಜರಿನ ಮೇಲೋ ಪುಸ್ತಕದಲ್ಲೋ ಅಂಕಿ ಕಾಣದಿದ್ದರೆ ಬಿಟ್ಟುಬನ್ನಿ. ತಗಡಿನ ಶೆಡ್ಡಿನಲ್ಲಿ ಇಡುವವರು ಸೆಕೆಗೆ ತಕ್ಕಂತೆ ವೋಲ್ಟೇಜ್ ತಗ್ಗಿಸುವಂಥದ್ದನ್ನೇ ನೋಡಿ, ಬಿಸಿ ಏರಿದಷ್ಟೂ ಬ್ಯಾಟರಿಗೆ ಕಡಿಮೆ ಸಾಕು. ಸೀಲ್ ಆದ ಬ್ಯಾಟರಿಯಾದರೆ ಇನ್ನೂ ಹುಷಾರು, ಅದಕ್ಕೆ ನೀರು ತುಂಬಲು ಆಗುವುದಿಲ್ಲ. ಕೆಲವು ಚಾರ್ಜರಿನಲ್ಲಿ 'ರಿಪೇರ್' ಅಂತ ಬಟನ್ ಇರುತ್ತದೆ. ಅದು 15 ವೋಲ್ಟು ದಾಟಿಸಬಹುದು, ಸೀಲ್ ಬ್ಯಾಟರಿಗೆ ಒತ್ತಬೇಡಿ. ಆಂಪಿಯರ್ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವುದೂ ಸುಳ್ಳು. ನಿಂತ ಬ್ಯಾಟರಿಯನ್ನು ಕಾಯಲು ಒಂದೆರಡು ಆಂಪಿಯರ್ ಸಾಕು.

ಈಗಾಗಲೇ ಏನಾದರೂ ಹಾಕಿಟ್ಟಿದ್ದೀರಾ? ಇವತ್ತೇ ಹೋಗಿ ಮೀಟರ್ ಹಿಡಿಯಿರಿ. ಹಾಕಿ ಎರಡು ದಿನ ಕಳೆದರೂ 14ಕ್ಕಿಂತ ಮೇಲೇ ನಿಂತಿದ್ದರೆ ಆಫ್ ಮಾಡಿ, ಮುಚ್ಚಳ ತೆಗೆದು ನೀರು ನೋಡಿ. ನೋಡುವಾಗ ಬಾಯಲ್ಲಿ ಬೀಡಿ ಬೇಡ.