ಮರುಭೂಮಿಯ ದಾರಿಗೆ ಬ್ರೂಕ್ಸ್ ಬಿ17 ಸೀಟು: ವರ್ಷಗಟ್ಟಲೆ ಬಳಸಿದ ಮೇಲೆ

ಸೈಕಲ್ ಟೂರ್‌ಗೆ ಯಾವ ಸೀಟು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಎಲ್ಲಿ ತುಳಿಯುತ್ತೀರಿ? ಕೊಡಗು, ಚಿಕ್ಕಮಗಳೂರಿನ ಘಾಟಿ ಅಂದರೆ ಸೀಟಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಏರು ಬಂದರೆ ಎದ್ದು ನಿಂತು ತುಳಿಯುತ್ತೀರಿ. ಇಳಿಜಾರಿನಲ್ಲಿ ಹಿಂದಕ್ಕೆ ಜರುಗುತ್ತೀರಿ. ಕೂರುವ ಜಾಗಕ್ಕೆ ತಾನಾಗಿಯೇ ಬಿಡುವು ಸಿಗುತ್ತದೆ.

ಥಾರ್ ಮರುಭೂಮಿಯಲ್ಲಿ ಆ ಬಿಡುವು ಇಲ್ಲ. ಪೋಕರಣ್ ದಾಟಿ ಜೈಸಲ್ಮೇರ್ ಕಡೆ ಹೊರಟರೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ರಸ್ತೆ ಹೆಚ್ಚುಕಡಿಮೆ ಸಪಾಟು, ಕಣ್ಣು ಹಾಯುವಷ್ಟು ನೇರ. ಎದ್ದು ನಿಲ್ಲಲು ಕಾರಣವೇ ಸಿಗುವುದಿಲ್ಲ. ಎದುರುಗಾಳಿ ಎದ್ದರಂತೂ ಮುಗೀತು. ತಲೆ ತಗ್ಗಿಸಿ, ಮುಂದಕ್ಕೆ ಬಾಗಿ, ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ತುಳಿಯಬೇಕು. ಜೈಸಲ್ಮೇರ್ ಸುತ್ತ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಇಂಥ ದಾರಿಯಲ್ಲಿ ಗೇರು, ಟೈರು, ಹ್ಯಾಂಡಲ್ ಎಲ್ಲಕ್ಕಿಂತ ಸೀಟೇ ಮುಖ್ಯ. ಹಲವು ಚಳಿಗಾಲ ಅಲ್ಲಿ ತುಳಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಹಾಕಿಸಿರುವುದು ಬ್ರೂಕ್ಸ್ ಬಿ17. ಬ್ರೂಕ್ಸ್ 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಕಂಪನಿ. 2002ರಿಂದ ಇಟಲಿಯ ಸೆಲ್ಲೆ ರಾಯಲ್ ಅವರ ಕೈಯಲ್ಲಿದೆ. ಬಿ17 ಮಾದರಿ 1890ರ ದಶಕದ ಕೊನೆಯಿಂದ ಬರುತ್ತಿದೆ, ಆಕಾರ ಹೆಚ್ಚು ಬದಲಾಗಿಲ್ಲ. ಇದರಲ್ಲಿ ಸ್ಪಂಜು, ಜೆಲ್ ಏನೂ ಇಲ್ಲ. ದಪ್ಪ ಚರ್ಮದ ಒಂದು ಹಾಳೆಯನ್ನು ಉಕ್ಕಿನ ಚೌಕಟ್ಟಿನ ಮೇಲೆ ಹಿಂದಿನಿಂದ ಮುಂದಕ್ಕೆ ಎಳೆದು ರಿವೆಟ್ ಹೊಡೆದಿರುತ್ತಾರೆ, ಅಷ್ಟೇ. ರಾಜಸ್ಥಾನದ ಢಾಬಾಗಳ ಮುಂದೆ ಹಗ್ಗದ ಮಂಚ ಹಾಕಿರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಬಿಗಿಯಾಗಿದೆ, ಆದರೆ ಕೂತವರ ಭಾರಕ್ಕೆ ಬಳುಕುತ್ತದೆ. ಅಗಲ ಸುಮಾರು 175 ಮಿಲಿಮೀಟರ್, ತೂಕ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ.

ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ನೋಡಿದರೆ ಕಲ್ಲಿನ ಹಾಗೆ ಗಟ್ಟಿ ಅನಿಸುತ್ತದೆ. ಹಾಗಾಗಿ ತುಂಬಾ ಜನ ಪಕ್ಕದಲ್ಲಿರುವ ಮೆತ್ತನೆಯ ಜೆಲ್ ಸೀಟು ತೆಗೆದುಕೊಂಡು ಹೋಗುತ್ತಾರೆ. ಹತ್ತು ಕಿಲೋಮೀಟರಿಗೆ ಅದೇ ಸುಖ, ನಿಜ. ಆದರೆ ನಾವು ಸೈಕಲ್ ಮೇಲೆ ಕೂರುವುದು ಮಾಂಸದ ಮೇಲಲ್ಲ, ಕೆಳಗಿರುವ ಎರಡು ಮೂಳೆಗಳ ಮೇಲೆ. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಒಳಕ್ಕೆ ಹೂತುಹೋಗುತ್ತವೆ, ನಡುವಿನ ಭಾಗ ಮೇಲಕ್ಕೆ ಉಬ್ಬಿ ಒತ್ತುತ್ತದೆ. ಅಲ್ಲೇ ನರಗಳು, ರಕ್ತನಾಳಗಳು ಇರುವುದು. ಜೋಮು ಹಿಡಿಯುವುದು ಇದರಿಂದಲೇ. ಜೋಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋಮು ಹಿಡಿದರೆ ಅಲ್ಲೇ ಇಳಿದು ಐದು ನಿಮಿಷ ನಡೆಯಿರಿ. ಪದೇ ಪದೇ ಬಂದರೆ ಸೀಟು ನಿಮಗೆ ಹೊಂದಿಲ್ಲ ಅಂತಲೇ ಅರ್ಥ.

ಚರ್ಮದ ಸೀಟಿನ ಕೆಲಸ ನಿಧಾನ. ಕೆಲವು ನೂರು ಕಿಲೋಮೀಟರ್ ಆಗುವವರೆಗೆ ಅದು ನಿಮ್ಮ ಮೈಗೆ ಬಗ್ಗುವುದಿಲ್ಲ. ಆಮೇಲೆ ಹಿಂಭಾಗದಲ್ಲಿ ಎರಡು ಸಣ್ಣ ತಗ್ಗು ಬೀಳುತ್ತವೆ. ನನ್ನದನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿದರೆ ಆ ತಗ್ಗು ಚೆನ್ನಾಗಿ ಕಾಣುತ್ತವೆ. ಬಲಗಡೆಯದು ಎಡಗಡೆಯದಕ್ಕಿಂತ ಒಂದು ಕೂದಲೆಳೆ ಆಳ. ಅಲ್ಲಿ ಚರ್ಮ ನುಣುಪಾಗಿ ಹೊಳೆಯುತ್ತದೆ, ಸುತ್ತ ಇನ್ನೂ ಮಂಕಾಗಿದೆ. ನನ್ನ ಮೂಳೆ ಎಲ್ಲಿ ಕೂರುತ್ತದೋ ಸರಿಯಾಗಿ ಅಲ್ಲೇ ಜಾಗ ಆಗಿದೆ. ಈ ಹೊಂದಾಣಿಕೆ ಬೇರೆ ಯಾವ ಸೀಟಿನಲ್ಲೂ ನನಗೆ ಸಿಕ್ಕಿಲ್ಲ. ಅದಕ್ಕೇ ಹೊಸ ಬಿ17 ಹಾಕಿಕೊಂಡು ನೇರ ಮರುಭೂಮಿಗೆ ಹೊರಡಬೇಡಿ. ಊರಲ್ಲೇ ಕೆಲವು ತಿಂಗಳು ತುಳಿದು ಪಳಗಿಸಿ.

ಹಾಗಂತ ಎಲ್ಲರಿಗೂ ಇದೇ ಆಗುತ್ತದೆ ಅಂತ ಹೇಳುತ್ತಿಲ್ಲ. ನನ್ನ ಜೊತೆ ಬಂದ ನಮ್ಮಕ್ಕ ಇದರ ಮೇಲೆ ಕೂತು ನೋಡಿ, "ನಿನ್ನ ಸೀಟಿನ ಮೂತಿ ನನಗೆ ಅಡ್ಡ ಬರುತ್ತೆ ಕಣೋ" ಅಂದಳು. ಹೆಂಗಸರಿಗೆ ಸಾಮಾನ್ಯವಾಗಿ ಆ ಎರಡು ಮೂಳೆಗಳ ನಡುವಿನ ಅಂತರ ಜಾಸ್ತಿ. ಉದ್ದ ಮೂತಿ ಎಷ್ಟೋ ಜನರಿಗೆ ಆಗಿಬರುವುದಿಲ್ಲ. ಮೂತಿ ಗಿಡ್ಡವಿರುವ ಬಿ17 ಎಸ್ ಅಂತ ಬರುತ್ತದೆ, ಅವಳಿಗೆ ಅದು ಹೊಂದಿತು. ನಿಮ್ಮ ಅಳತೆ ತಿಳಿಯಬೇಕಾದರೆ ರಟ್ಟಿನ ಡಬ್ಬದ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಸ್ವಲ್ಪ ಮುಂದೆ ಬಾಗಿ ಅದರ ಮೇಲೆ ಕೂರಿ. ಎದ್ದು ನೋಡಿದರೆ ಎರಡು ಕಡೆ ತಗ್ಗಿರುತ್ತದೆ. ಎರಡರ ನಟ್ಟನಡುವಿನ ಅಂತರ ಅಳೆದು, ಅದಕ್ಕಿಂತ ಎರಡು ಸೆಂಟಿಮೀಟರಾದರೂ ಅಗಲವಿರುವ ಸೀಟು ನೋಡಿ. ಬಿ17 ಅಗಲವಾದ ಸೀಟು. ಹ್ಯಾಂಡಲ್ ಸೀಟಿನ ಎತ್ತರಕ್ಕೇ ಇಟ್ಟು ಬೆನ್ನು ಸ್ವಲ್ಪ ನೆಟ್ಟಗೆ ಮಾಡಿ ಕೂರುವವರಿಗೆ ಒಪ್ಪುತ್ತದೆ. ರೇಸಿನವರ ಹಾಗೆ ತೀರಾ ಬಾಗಿ ತುಳಿಯುವವರಿಗೆ ತೊಡೆ ಉಜ್ಜುತ್ತದೆ.

ಕೂರಿಸುವಾಗ ಮೂತಿಯನ್ನು ಒಂದು ಚೂರು ಮೇಲಕ್ಕೆತ್ತಿ. ನಡುವೆ ಚರ್ಮ ಬಳುಕುವುದರಿಂದ ಪೂರ್ತಿ ಸಮ ಇಟ್ಟರೆ ಮುಂದಕ್ಕೆ ಜಾರುತ್ತಿರುತ್ತೀರಿ, ಆ ಭಾರ ಎಲ್ಲಾ ಅಂಗೈ ಮೇಲೆ ಬೀಳುತ್ತದೆ. ಸಂಜೆಗೆ ಬೆರಳು ಮರಗಟ್ಟಿದರೆ ಗ್ಲೌಸ್ ಬದಲಿಸುವ ಮೊದಲು ಸೀಟಿನ ಓರೆ ನೋಡಿ.

ಇನ್ನು ಮರಳು. ಜನ ಹೆದರುವುದು ಬಿಸಿಲಿಗೆ. ಆದರೆ ನವೆಂಬರಿಂದ ಫೆಬ್ರವರಿವರೆಗೆ ಹೋದರೆ ಬಿಸಿಲು ತಡೆಯುವಂಥದ್ದೇ, ರಾತ್ರಿ ಚಳಿಯೇ ಜಾಸ್ತಿ. ನಿಜವಾದ ಕಾಟ ದೂಳಿನದು. ಒಣ ಹವೆಯಲ್ಲಿ ಬೆವರು ಹರಿಯುವ ಮೊದಲೇ ಆರುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಚಡ್ಡಿಯ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಆ ಉಪ್ಪಿಗೆ ನುಣ್ಣನೆಯ ಮರಳು ಸೇರಿದರೆ ಒಂದೊಂದು ಪೆಡಲಿಗೂ ಚರ್ಮ ಸವೆಯುತ್ತದೆ, ನಮ್ಮದೂ, ಸೀಟಿನದೂ. ತೊಡೆ ಸಂದು ಕೆಂಪಾಗಿ, ಆಮೇಲೆ ಕುರು ಎದ್ದರೆ ಎಂಥ ಒಳ್ಳೆ ಸೀಟಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ನಿಂತಲ್ಲೆಲ್ಲ ನಾನು ಸೀಟನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಬೇಡ, ಅದರ ಹೊಲಿಗೆಯೇ ಕೊರೆಯುತ್ತದೆ. ಎರಡು ಚಡ್ಡಿ ಇಟ್ಟುಕೊಂಡು ದಿನ ಬಿಟ್ಟು ದಿನ ತೊಳೆಯಿರಿ. ಅಲ್ಲಿ ನೀರಿಗೆ ಬೆಲೆ ಇದೆ, ಆದರೂ ಇದಕ್ಕೆ ಒಂದು ಚೊಂಬು ನೀರು ಎತ್ತಿಡಿ. ಒಣಗುವುದಕ್ಕಂತೂ ಹೊತ್ತು ಬೇಕಿಲ್ಲ. ಉಜ್ಜುವ ಜಾಗಕ್ಕೆ ಕ್ರೀಮು ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಸಾಕು.

ಒಣ ಹವೆ ಚರ್ಮವನ್ನೂ ಒಣಗಿಸುತ್ತದೆ. ಇದಕ್ಕೆ ಬ್ರೂಕ್ಸ್‌ನವರದೇ ಪ್ರೂಫೈಡ್ ಅನ್ನುವ ಮುಲಾಮು ಇದೆ, ಕೊಬ್ಬು, ಮೇಣ, ಎಣ್ಣೆ ಬೆರೆಸಿ ಮಾಡಿದ್ದು. ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ತಿಕ್ಕಿದರೆ ಆಯಿತು. ಅತಿಯಾಗಿ ಹಚ್ಚಿದರೆ ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ. ಅಡುಗೆ ಎಣ್ಣೆ ಅಂತೂ ಬೇಡವೇ ಬೇಡ. ಮೂತಿಯ ಕೆಳಗೆ ಬಿಗಿ ಮಾಡುವ ಒಂದು ಬೋಲ್ಟ್ ಇದೆ. ಚರ್ಮ ನಿಜವಾಗಿ ಜೋತಾಗ ಮಾತ್ರ ಕಾಲು ಸುತ್ತು ತಿರುಗಿಸಿ. ಮಧ್ಯಾಹ್ನ ಊಟಕ್ಕೆ ನಿಂತಾಗ ಸೀಟಿನ ಮೇಲೊಂದು ಟವೆಲ್ ಹಾಕಿ. ರಿವೆಟ್‌ಗಳು ಲೋಹದವು, ಬಿಸಿಲಿಗೆ ಚುರುಕ್ ಅನ್ನುತ್ತವೆ.

ತುಳಿಯುವಾಗ ಕಿರುಗುಟ್ಟುವ ಸದ್ದು ಬಂದರೆ ಕಂಬಿ ಮತ್ತು ಚರ್ಮ ಸೇರುವ ಕಡೆ ಮರಳು ಸೇರಿದೆ ಅಂತ ಅರ್ಥ. ಹಳೆಯ ಟೂತ್‌ಬ್ರಷ್‌ನಿಂದ ಉದುರಿಸಿ. ಸೀಟಿನ ಹಿಂದೆ ಎರಡು ಕೊಂಡಿಗಳಿವೆ, ನನಗೆ ತುಂಬಾ ಉಪಯೋಗಕ್ಕೆ ಬಂದವು. ಪಂಕ್ಚರ್ ಸಾಮಾನಿನ ಚೀಲವನ್ನು ಅದಕ್ಕೇ ನೇತುಹಾಕುತ್ತೇನೆ. ಅಲ್ಲಿ ಪಂಕ್ಚರ್‌ಗೇನೂ ಬರವಿಲ್ಲ. ನೆಗ್ಗಿಲು ಮುಳ್ಳು, ನಮ್ಮ ಬಳ್ಳಾರಿ ಜಾಲಿ ಎರಡೂ ರಸ್ತೆ ಬದಿಯಲ್ಲಿವೆ. ನೆರಳು ಬೇಕಾದರೆ ಬನ್ನಿ ಮರ ಸಿಗುತ್ತದೆ, ಅವರು ಖೇಜ್ರಿ ಅನ್ನುತ್ತಾರೆ. ಸೈಕಲ್ಲನ್ನು ಅದರ ಬುಡಕ್ಕೂ ಒರಗಿಸಬೇಡಿ, ಅದಕ್ಕೂ ಮುಳ್ಳಿದೆ.

ಬೇಡ ಅನ್ನಲು ಕಾರಣಗಳೂ ಇವೆ. ಮಳೆ ಈ ಸೀಟಿಗೆ ಆಗದು. ನೆನೆದ ಚರ್ಮದ ಮೇಲೆ ಕೂತು ತುಳಿದರೆ ಆಕಾರ ಕೆಡುತ್ತದೆ. ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯವರಿಗೆ ಧೈರ್ಯವಾಗಿ ಹೇಳುತ್ತೇನೆ, ತೊಗೊಳ್ಳಿ. ಆಗುಂಬೆ, ಕರಾವಳಿಯವರು ಅದೇ ಕಂಪನಿಯ ಕೇಂಬಿಯಂ ನೋಡಿ. ರಬ್ಬರಿನದು, ಪಳಗಿಸುವ ಕೆಲಸವೂ ಇಲ್ಲ, ಆದರೆ ತಗ್ಗು ಬಿದ್ದು ಮೈಗೆ ಹೊಂದುವ ಗುಣ ಅದಕ್ಕಿಲ್ಲ. ಬಿ17 ದನದ ಚರ್ಮದ್ದು, ಮುಲಾಮಿನಲ್ಲೂ ಪ್ರಾಣಿಯ ಕೊಬ್ಬಿದೆ. ಮನಸ್ಸು ಒಪ್ಪದವರು ಕೊಳ್ಳುವ ಮೊದಲೇ ಇದನ್ನು ತಿಳಿದಿರಬೇಕು. ಆಮದು ಮಾಲು ಆದ್ದರಿಂದ ಬೆಲೆಯೂ ಹತ್ತು ಸಾವಿರದ ಆಚೆ. ನನ್ನ ಮಟ್ಟಿಗೆ ಆ ದುಡ್ಡು ಸಾರ್ಥಕ. ಸಂಜೆ ಸೈಕಲ್ ಇಳಿದು ಸಲೀಸಾಗಿ ನಡೆಯಲು ಆಗುತ್ತಿದೆ, ಮರುದಿನ ಮತ್ತೆ ಕೂರಲು ಹೆದರಿಕೆ ಇಲ್ಲ.

ಬೆಂಗಳೂರು, ಹುಬ್ಬಳ್ಳಿಯಿಂದ ಜೋಧಪುರಕ್ಕೆ ನೇರ ರೈಲಿದೆ. ಸೈಕಲ್ಲನ್ನು ಪಾರ್ಸೆಲ್‌ಗೆ ಹಾಕುವುದಾದರೆ ಸೀಟನ್ನು ಕಂಬದ ಸಮೇತ ಬಿಚ್ಚಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಚ್ಚುವ ಮೊದಲು ಎತ್ತರದ ಗುರುತಿಗೆ ಕಂಬಕ್ಕೆ ಒಂದು ಸುತ್ತು ಟೇಪ್ ಅಂಟಿಸಿ. ಜೋಧಪುರದಲ್ಲಿ ಇಳಿದ ಕೂಡಲೇ ಮತ್ತೆ ಅಳತೆ ಹುಡುಕುತ್ತಾ ಕೂರಬೇಕಾಗುವುದಿಲ್ಲ.