ಚೆಕ್‌ರೋಲ್ ಮತ್ತು ಮಳೆ ಪುಸ್ತಕ: ಮೂರು ಸ್ಪ್ರೆಡ್‌ಶೀಟ್‌ಗಳಲ್ಲಿ ಮಾಡಿ ನೋಡಿದ ಲೆಕ್ಕ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಚಿಕ್ಕ ಕಾಫಿ ತೋಟದ ಲೆಕ್ಕ ಎರಡು ಪುಸ್ತಕಗಳಲ್ಲಿ ನಡೆದು ಬಂದಿದೆ. ಒಂದು ಕೆಲಸಗಾರರ ಕೂಲಿಯ ಚೆಕ್‌ರೋಲ್. ಇನ್ನೊಂದು ತಂದೆಯವರ ಕಾಲದಿಂದ ಇಂಚು ಮತ್ತು ಅದರ ನೂರನೇ ಒಂದು ಭಾಗವಾದ ಸೆಂಟ್‌ಗಳಲ್ಲಿ ಬರೆದಿಡುತ್ತಿರುವ ಮಳೆ ಪುಸ್ತಕ. ಇವೆರಡನ್ನೂ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ, ಅಂದರೆ ಸಾಲು-ಕಾಲಂಗಳ ಲೆಕ್ಕದ ಹಾಳೆಗೆ, ತರಬೇಕೆಂದು ಹೊರಟಾಗ ಮಗ ಎಕ್ಸೆಲ್ ಎಂದ, ಪಕ್ಕದ ತೋಟದವರು ಗೂಗಲ್ ಶೀಟ್ಸ್ ಸಾಕೆಂದರು, ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗ ಹಣ ಕೊಡದೆ ಸಿಗುವ ಲಿಬ್ರೆಆಫೀಸ್‌ನ ಕ್ಯಾಲ್ಕ್ ಹಾಕಿಕೊಟ್ಟು ಹೋದ. ಯಾರ ಮಾತನ್ನೂ ತಳ್ಳಿಹಾಕಲಾಗದೆ, ಒಂದು ರೋಬಸ್ಟಾ ಕೊಯ್ಲಿನಿಂದ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯವರೆಗೆ ಅದೇ ಲೆಕ್ಕವನ್ನು ಮೂರರಲ್ಲೂ ಮಾಡಿ ನೋಡಿದೆ.

ಮೊದಲ ಪಾಠ ಮೂರಕ್ಕೂ ಸಮಾನವಾಗಿತ್ತು. ಹಣ್ಣು ಕೊಯ್ದ ಕಿಲೋಗೆ ಐದು ರೂಪಾಯಿ ಎಂಬ ದರವನ್ನು ಬಿ ಕಾಲಂನ ಮೊದಲ ಚೌಕವಾದ ಬಿ1 ಸೆಲ್‌ನಲ್ಲಿ ಇಟ್ಟು, ಎರಡನೆಯ ಸಾಲನ್ನು ಖಾಲಿ ಬಿಟ್ಟು, ಮೂರನೆಯದರಲ್ಲಿ ತಲೆಬರಹ ಬರೆದು, ನಾಲ್ಕನೆಯ ಸಾಲಿನಿಂದ ಹೆಸರು ಮತ್ತು ತೂಕ ತುಂಬಿದೆ. ತೂಕವನ್ನು ಬಿ1ರಿಂದ ಗುಣಿಸುವ ಸೂತ್ರ ಹಾಕಿದಾಗ ಮೊದಲ ಕೆಲಸಗಾರ್ತಿಯ 82 ಕಿಲೋಗೆ 410 ರೂಪಾಯಿ ಸರಿಯಾಗಿ ಬಂತು. ಅದೇ ಸೂತ್ರವನ್ನು ಕೆಳಗೆ ಎಳೆದಾಗ ಎರಡನೆಯವರ ಕೂಲಿ ಸೊನ್ನೆಯಾಯಿತು, ಮೂರನೆಯವರಿಗೆ ದೋಷದ ಸೂಚನೆ ಬಂತು, 95 ಕಿಲೋ ಕೊಯ್ದ ನಾಲ್ಕನೆಯವರಿಗೆ 7,790 ರೂಪಾಯಿ ಬಿತ್ತು. ಸೂತ್ರ ಒಂದೊಂದು ಸಾಲು ಇಳಿದಂತೆ ದರದ ಸೆಲ್ ಕೂಡ ಒಂದೊಂದು ಸಾಲು ಇಳಿದು, ಖಾಲಿ ಸಾಲು ಮತ್ತು ತಲೆಬರಹವನ್ನು ದಾಟಿ, ಕೊನೆಗೆ ಒಬ್ಬರ ತೂಕವನ್ನು ಇನ್ನೊಬ್ಬರ ತೂಕದಿಂದ ಗುಣಿಸಿತ್ತು. ಬಿ1 ಎಂಬುದನ್ನು $ಬಿ$1 ಎಂದು ಕಟ್ಟಿಹಾಕಬೇಕು, ಕೀಬೋರ್ಡಿನ ಎಫ್4 ಕೀಲಿ ಒತ್ತಿದರೆ ಆ ಚಿಹ್ನೆಗಳು ತಾವೇ ಬಂದು ಕೂರುತ್ತವೆ ಎಂದು ತಿಳಿಯಲು ನನಗೆ ಎರಡು ಸಂಜೆ ಹಿಡಿಯಿತು. ಒಂದರಲ್ಲಿ ಕಲಿತ ಈ ಪಾಠ ಉಳಿದೆರಡರಲ್ಲೂ ಹಾಗೆಯೇ ನಡೆಯಿತು. ಆದ್ದರಿಂದ ಯಾವುದರಲ್ಲಿ ಆರಂಭಿಸಿದರೆ ಕಲಿತದ್ದು ವ್ಯರ್ಥವಾದೀತೋ ಎಂಬ ಹೆದರಿಕೆಗೆ ಕಾರಣವಿಲ್ಲ.

ವ್ಯತ್ಯಾಸ ಕಂಡದ್ದು ಮಳೆ ಪುಸ್ತಕದಲ್ಲಿ. ಶೀಟ್ಸ್‌ನಲ್ಲಿ ದಿನಾಂಕ ತುಂಬಿ ತಿಂಗಳವಾರು ಮೊತ್ತ ತೆಗೆದಾಗ, ಹನಿ ಮಳೆಯೂ ಬೀಳದ ಜನವರಿಯಲ್ಲಿ ಮಳೆ ಕಾಣಿಸಿತು. ಕಾಫಿ ಹೂ ಅರಳಿಸುವ ಮಾರ್ಚ್ 8ರ ಹೂಮಳೆ ಆಗಸ್ಟಿಗೆ ಹೋಗಿ ಸೇರಿತ್ತು. ಶೀಟ್‌ನ ಪ್ರದೇಶವನ್ನು ಅಮೆರಿಕ ಎಂದೇ ನಾನು ಬಿಟ್ಟಿದ್ದರಿಂದ, ತಿಂಗಳನ್ನು ಮೊದಲು ಬರೆಯುವ ಅಲ್ಲಿನ ರೂಢಿಯಂತೆ 8/3 ಎಂದರೆ ಆಗಸ್ಟ್ 3 ಎಂದು ಅದು ಓದಿಕೊಂಡಿತ್ತು. 13ನೇ ತಾರೀಖಿನಿಂದ ಮುಂದಿನವು ಯಾವ ತಿಂಗಳಿಗೂ ಹೊಂದದೆ ಬರೀ ಅಕ್ಷರಗಳಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದವು. ಹಾಗೆ ಎಡಕ್ಕೆ ನಿಂತ ದಿನಾಂಕವೇ ತಪ್ಪಿನ ಗುರುತು, ಏಕೆಂದರೆ ನಿಜವಾದ ದಿನಾಂಕ ಸಂಖ್ಯೆಯಂತೆ ಬಲಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾರತ ಎಂದು ಬದಲಿಸಿದ ಮೇಲೂ ಆಗಲೇ ಅದಲುಬದಲಾದವು ತಾವಾಗಿ ಸರಿಹೋಗಲಿಲ್ಲ. ಮತ್ತೆ ಟೈಪ್ ಮಾಡಬೇಕಾಯಿತು. ಎಕ್ಸೆಲ್ ವಿಂಡೋಸ್‌ನಲ್ಲಿ ಇಟ್ಟಿರುವ ಪ್ರದೇಶವನ್ನೇ ಅನುಸರಿಸುವುದರಿಂದ ಅಲ್ಲಿ ಈ ತೊಡಕು ಬರಲಿಲ್ಲ, ಕ್ಯಾಲ್ಕ್‌ನಲ್ಲೂ ಬರಲಿಲ್ಲ. ಇಂಚನ್ನು ಮಿಲಿಮೀಟರಿಗೆ ತಿರುಗಿಸಲು 25.4ರಿಂದ ಗುಣಿಸುವ ಸೂತ್ರ ಮಾತ್ರ ಮೂರರಲ್ಲೂ ಒಂದೇ ಗಳಿಗೆಯ ಕೆಲಸ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಜೊತೆಯಾಗಿಯೇ ಹೋಗುತ್ತವೆ. ಶೀಟ್ಸ್‌ಗೆ ಆಫ್‌ಲೈನ್ ಸೌಲಭ್ಯ ಇದೆಯಾದರೂ ಅದನ್ನು ನೆಟ್ ಇರುವಾಗಲೇ ಆನ್ ಮಾಡಿಟ್ಟಿರಬೇಕು. ನನ್ನದು ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್ ಆದ್ದರಿಂದ ಎಕ್ಸೆಲ್ ಮತ್ತು ಕ್ಯಾಲ್ಕ್‌ಗಳಲ್ಲಿ ನಾಲ್ಕು ಸಾಲಿಗೊಮ್ಮೆ ಸೇವ್ ಮಾಡುವುದು ಕೈಗೆ ಅಭ್ಯಾಸವಾಯಿತು. ಕ್ಯಾಲ್ಕ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದು ಎಂಬುದನ್ನು ಬಿಟ್ಟರೆ ಅದರ ಮೇಲೆ ನನಗೆ ದೂರಿಲ್ಲ. ಶೀಟ್ಸ್‌ನ ಒಂದು ಗುಣವನ್ನು ಮಾತ್ರ ಇಲ್ಲಿ ಹೇಳಲೇಬೇಕು: ಪೂರ್ತಿ ತೂಕದ ಕಾಲಂ ಅನ್ನು ಒಮ್ಮೆ ಅಳಿಸಿಕೊಂಡು ಪೇಚಿಗೆ ಸಿಕ್ಕಿದ್ದಾಗ, ಅದರ ಹಳೆಯ ಆವೃತ್ತಿಗಳ ಪಟ್ಟಿಯಿಂದ ಹಿಂದಿನ ದಿನದ ಹಾಳೆಯನ್ನೇ ಮರಳಿ ಪಡೆದೆ.

ಹೆಸರುಗಳನ್ನು ಮೊದಲು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡವು. ಯಾವ ಸಾಧನದಲ್ಲೂ ಓದಲಾಗುವ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಬರೆದ ಮೇಲೆ ಮೂರರಲ್ಲೂ ಕನ್ನಡ ಸರಿಯಾಗಿ ನಿಂತಿತು.

ಎಕ್ಸೆಲ್ ಅನ್ನು ಮಗನ ಚಂದಾದ ಮೇಲೆ ಬಳಸಿದೆ. ಪಾಠದ ವಿಡಿಯೊಗಳು ಅದಕ್ಕೇ ಹೆಚ್ಚು, ಲೆಕ್ಕಪರಿಶೋಧಕರು ಕೇಳುವುದೂ ಅದರ ಕಡತವನ್ನೇ. ಆದರೆ ಕ್ಯಾಲ್ಕ್‌ನಿಂದಲೇ ಎಕ್ಸೆಲ್ ಮಾದರಿಯಲ್ಲಿ ಸೇವ್ ಮಾಡಿ ಕಳಿಸಿದಾಗ, ಕಾಲಂಗಳ ಅಗಲ ಸ್ವಲ್ಪ ಬದಲಾದದ್ದನ್ನು ಬಿಟ್ಟರೆ ಲೆಕ್ಕವೆಲ್ಲ ಸರಿಯಾಗಿ ತಲುಪಿತು. ಚೆಕ್‌ರೋಲ್ ಮತ್ತು ಮಳೆಯ ಲೆಕ್ಕ ಮಾತ್ರ ಇರುವವರು ಚಂದಾ ಕಟ್ಟಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಸಂಜೆ ತೂಕ ಹಾಕುವಾಗ ಮೇಸ್ತ್ರಿ ತಮ್ಮ ಫೋನಿನ ಶೀಟ್ಸ್‌ನಲ್ಲಿ ಕಿಲೋ ಬರೆಯುತ್ತಾರೆ. ಶನಿವಾರ ಬಟವಾಡೆಗೆ ಮೊದಲು ನಾನು ಅದನ್ನು ಕ್ಯಾಲ್ಕ್‌ಗೆ ಇಳಿಸಿಕೊಂಡು ಮೊತ್ತ ತೆಗೆಯುತ್ತೇನೆ. ಹಣ ಪಡೆದವರ ಸಹಿ ಈಗಲೂ ಹಳೆಯ ಚೆಕ್‌ರೋಲ್ ಪುಸ್ತಕದಲ್ಲೇ ಆಗುತ್ತದೆ.